ಬಾಲವಿಲ್ಲದ ಮಾತು

ಸಂಘದ ಪೆಟ್ಟಿಗೆಯನ್ನು ನಮ್ಮ ಮನೆಯ ಜಗಲಿಯಲ್ಲಿ ತೆರೆದದ್ದು ಮೇ ತಿಂಗಳ ಒಂದು ಭಾನುವಾರ. ಅಪ್ಪ ಹೋಗಿ ಆಗ ನಾಲ್ಕು ತಿಂಗಳಾಗಿತ್ತು. ಜಗಲಿಯಲ್ಲಿ ಮೂವರಿದ್ದೆವು: ಊರ ನಾಟಕ ಸಂಘದ ಕಾರ್ಯದರ್ಶಿ, ಅಮ್ಮ, ನಾನು. ಪೆಟ್ಟಿಗೆಯ ಕೀಲಿ ಯಾವಾಗಲೂ ಅಪ್ಪನ ಜನಿವಾರದಲ್ಲಿ ಇರುತ್ತಿತ್ತು. ಈಗ ಅಮ್ಮ ಅದನ್ನು ದೇವರ ಮುಂದಿನ ಬಟ್ಟಲಿನಿಂದ ತೆಗೆದುಕೊಟ್ಟಳು.

ಆ ದಿನ ಡೈರಿಯಲ್ಲಿ ಬರೆದುಕೊಂಡದ್ದು ಹೀಗಿದೆ: ಸೀಟಿ ಒಂದು. ಟಾರ್ಚು ಒಂದು, ಸೆಲ್ಲು ಸೋರಿದೆ. ಸೀಮೆಸುಣ್ಣದ ತುಂಡುಗಳು, ಕಾಗದದಲ್ಲಿ ಸುತ್ತಿದ್ದು. ಪುಸ್ತಕ ಇಲ್ಲ.

ಇಲ್ಲ ಎಂದರೆ ಇತ್ತು, ಒರಲೆ ತಿಂದು ಮುಗಿಸಿತ್ತು. ರಟ್ಟಿನ ಹೊದಿಕೆ ಹಾಗೇ ಇತ್ತು. ತೆರೆದರೆ ಒಳಗೆ ಮಣ್ಣು. ಸಂಘ ಕಟ್ಟಿದ ಹಿರಿಯರು ತಾವೇ ಬರೆದ ಮೂರಂಕದ ಸಾಮಾಜಿಕ ನಾಟಕ ಅದು. ಊರವರು ಅದನ್ನು ಹದಿನೈದಿಪ್ಪತ್ತು ವರ್ಷ ಆಡಿದ್ದರು. ಬರೆದವರು ಯಾವತ್ತೋ ತೀರಿಹೋಗಿದ್ದರು. ಇದ್ದದ್ದು ಅದೊಂದೇ ಪೂರ್ತಿ ಪ್ರತಿ, ಪರದೆಯ ಮರೆಯಿಂದ ನಟರಿಗೆ ಮಾತು ಎತ್ತಿಕೊಡುವ ಪ್ರಾಂಪ್ಟರ್ ಆಗಿದ್ದ ಅಪ್ಪನ ವಶದಲ್ಲಿ.

ಕಾರ್ಯದರ್ಶಿ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿದರು. "ನಿನ್ನ ಅಪ್ಪ ಇದನ್ನ ಒಬ್ಬರಿಗೂ ಮುಟ್ಟಲೆ ಕೊಡ್ತಿದ್ನಿಲ್ಲೆ. ಕಡಿಗೆ ಒರಲೆಗೆ ಕೊಟ್ಟ ನೋಡು."

ಅಮ್ಮ ನಗಲಿಲ್ಲ. ನಾನೂ ನಗಲಿಲ್ಲ. ಅವರು ದನಿ ತಗ್ಗಿಸಿದರು.

"ಈ ವರ್ಷ ಸಂಘಕ್ಕೆ ಐವತ್ತು ತುಂಬ್ತು ತಂಗೀ. ಈ ನಾಟಕವೇ ಆಡವು ಹೇಳಿ ಎಲ್ಲಾ ಹೇಳ್ತ. ನೀನು ಶಿರಸಿಯಲ್ಲಿ ಅದೇ ಟೈಪು ಮಾಡೋ ಕೆಲಸದಲ್ಲಿದ್ದೆ ಅಲ್ದ? ಇದ್ದವರ ಹತ್ರ ಕೇಳಿ ಕೇಳಿ ಒಟ್ಟು ಮಾಡು. ದಸರೆಯೊಳಗೆ ಪೂರ್ತಿ ಆದ್ರೆ ಇದನ್ನೇ ಆಡನ. ಇಲ್ದಿದ್ರೆ ಅಚ್ಚಾದ ನಾಟಕ ಒಂದು ತಂದು ಆಡ್ತ್ಯ. ಆಮೇಲೆ ಇದನ್ನ ಯಾರೂ ಕೇಳ್ತ್ವಿಲ್ಲೆ."

ಆಯಿತು ಎಂದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಆಯಿತು ಎನ್ನುತ್ತಿದ್ದೆ. ಅಪ್ಪ ಹೋದಾಗ ನಾನು ಅತ್ತಿರಲಿಲ್ಲ. ಹನ್ನೆರಡನೇ ದಿನಕ್ಕೆ ಬಂದ ನೆಂಟರು ಅದನ್ನು ಗಮನಿಸಿ ತಮ್ಮತಮ್ಮಲ್ಲಿ ಮಾತಾಡಿಕೊಂಡಿದ್ದರು. ಶಿರಸಿಯ ಡಿಟಿಪಿ ಅಂಗಡಿಗೆ ಹೋಗುತ್ತಿದ್ದೆ, ಲಗ್ನಪತ್ರಿಕೆಯ ಪ್ರೂಫ್ ತಿದ್ದುತ್ತಿದ್ದೆ, ಸಂಜೆ ಸಿದ್ದಾಪುರದ ಬಸ್ಸು ಹಿಡಿದು ಮನೆಗೆ ಬರುತ್ತಿದ್ದೆ. ಒತ್ತಕ್ಷರ ತಪ್ಪಿದ್ದು ಕಣ್ಣಿಗೆ ಬೀಳುತ್ತಿತ್ತು. ಉಳಿದದ್ದು ಬೀಳುತ್ತಿರಲಿಲ್ಲ.

ಜೂನ್‌ನಲ್ಲಿ ಕೆಲಸ ಶುರು ಮಾಡಿದೆ. ಹೇಗೆ ಮಾಡಿದೆ ಎನ್ನುವುದಕ್ಕೆ ಮೊದಲು ನಮ್ಮಲ್ಲಿ ನಾಟಕ ಕಲಿಯುತ್ತಿದ್ದ ರೀತಿ ಹೇಳಬೇಕು. ಪೂರ್ತಿ ಪುಸ್ತಕವನ್ನು ಯಾವ ನಟನಿಗೂ ಕೊಡುತ್ತಿರಲಿಲ್ಲ. ಅವನವನ ಮಾತುಗಳನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದು ಕೊಡುತ್ತಿದ್ದರು. ಅದು ಪಾರ್ಟು. ತನ್ನ ಮಾತು ಯಾವಾಗ ಶುರುವಾಗಬೇಕೆಂದು ಗೊತ್ತಾಗಲು ಅದರ ಮೇಲೆ ಹಿಂದಿನವರ ಮಾತಿನ ಕೊನೆಯ ಎರಡು ಮೂರು ಪದ ಬರೆದಿರುತ್ತಿತ್ತು. ನಮ್ಮ ಸಂಘದಲ್ಲಿ ಅದನ್ನು ಬಾಲ ಎನ್ನುತ್ತಿದ್ದರು. ಬಾಲ ಕೇಳಿಸಿತೋ, ಬಾಯಿ ತೆರೆಯಬೇಕು. ಎದುರಿನವನು ಅದಕ್ಕೆ ಮೊದಲು ಏನು ಹೇಳಿದ, ಯಾಕೆ ಹೇಳಿದ ಎನ್ನುವುದು ಪ್ರಾಕ್ಟೀಸಿಗೆ ಬಂದ ಮೇಲೆ ತಿಳಿದರೆ ತಿಳಿಯಿತು.

ಹಾಗಾಗಿ ಎಲ್ಲರ ಪಾರ್ಟು ಸಿಕ್ಕಿದರೆ ಬಾಲಕ್ಕೆ ಬಾಲ ಜೋಡಿಸಿ ನಾಟಕ ಕಟ್ಟಬಹುದು. ಲೆಕ್ಕ ಸುಲಭವಿತ್ತು. ಹಳೆಯ ನಟರ ಪೈಕಿ ಇಬ್ಬರು ಶಿರಸಿಯಲ್ಲಿ ಮಕ್ಕಳ ಜೊತೆಗಿದ್ದರು, ಉಳಿದವರು ಸಿದ್ದಾಪುರದ ಸುತ್ತಮುತ್ತ, ತ್ಯಾಗಲಿ ಹೇರೂರಿನ ಕಡೆ. ಸಾಹುಕಾರನ ಪಾರ್ಟು ಮಾಡಿದವರ ಹಾಳೆಗಳು ಪಂಚಾಂಗದ ನಡುವೆ ಸಿಕ್ಕವು. ತಮ್ಮನ ಪಾರ್ಟಿನವರು ಹಾಳೆ ಕಳೆದಿದ್ದರು. ಆದರೆ ಹಿತ್ತಲಲ್ಲಿ ನಿಂತು ಒಂದೂ ತಪ್ಪಿಲ್ಲದೆ ಒಪ್ಪಿಸಿದರು. ಎಮ್ಮೆ ಕಿವಿ ಅಲ್ಲಾಡಿಸುತ್ತ ಕೇಳಿತು. ಹಾಸ್ಯದವರ ಪಾರ್ಟು ಅರ್ಧ ಹಾಳೆ. ಅದರಲ್ಲಿ ನಾಲ್ಕು ಕಡೆ "ಇಲ್ಲಿ ಜನ ನಗುವವರೆಗೆ ಮಾತಾಡುವುದು" ಎಂದು ಬರೆದಿತ್ತು.

"ನಗದಿದ್ರೆ?" ಎಂದು ಕೇಳಿದೆ.

"ಒಂದ್ಸಲ ನಗಾಡಿದ್ವಿಲ್ಲೆ. ಆನು ಬೆಳಗಿನ ತಂಕ ಮಾತಾಡ್ತಿದ್ದೆ, ನಿನ್ನ ಅಪ್ಪನೇ ಸೀಟಿ ಊದಿ ಪರದೆ ಹಾಕ್ಸಿದ."

ಪರದೆ ಏಳುವುದು ಬೀಳುವುದೆಲ್ಲ ಅಪ್ಪನ ಸೀಟಿಯ ಮೇಲೆ ನಡೆಯುತ್ತಿತ್ತು.

ಒಂದೊಂದು ಮಾತನ್ನೂ ಚೀಟಿಯಲ್ಲಿ ಬರೆದು ರಟ್ಟಿಗೆ ಅಂಟಿಸಿದೆ. ಅಂಗಡಿ ಮುಚ್ಚುವ ಮೊದಲಿನ ಒಂದು ತಾಸು ಮಾಲೀಕರು ಕಂಪ್ಯೂಟರ್ ಬಿಟ್ಟುಕೊಡುತ್ತಿದ್ದರು. ಟೈಪ್ ಮಾಡಿ ಫ್ಲಾಪಿಗೆ ಹಾಕುತ್ತಿದ್ದೆ. ಒಂದು ಫ್ಲಾಪಿ ಕೆಟ್ಟು ಎರಡನೇ ಅಂಕ ಪೂರ್ತಿ ಹೋಯಿತು. ಬೇಸರವಾಗಲಿಲ್ಲ. ಮತ್ತೆ ಟೈಪ್ ಮಾಡಿದೆ.

ಆಗಸ್ಟ್ ಕೊನೆಗೆ ಗಂಡಸರ ಮಾತೆಲ್ಲ ಸೇರಿತು. ಆಗ ಕಂಡಿತು, ನಾಟಕದ ನಡುವೆ ಉದ್ದಕ್ಕೂ ತೂತುಗಳು. ಎಣಿಸಿದೆ: ನಲವತ್ತಮೂರು. ಅಷ್ಟೂ ನಾಯಕಿಯ ಮಾತು. ಕಥೆ ಸಾಮಾನ್ಯದ್ದು. ಗಂಡ ಸುಳ್ಳು ಅನುಮಾನದಿಂದ ಹೆಂಡತಿಯನ್ನು ಮನೆಯಿಂದ ಹೊರಹಾಕುತ್ತಾನೆ, ಕೊನೆಗೆ ನಿಜ ತಿಳಿಯುತ್ತದೆ, ಅವಳು ಹಿಂದಿರುಗುತ್ತಾಳೆ. ಆ ಹೆಂಡತಿಯ ಮಾತುಗಳಲ್ಲಿ ಉಳಿದದ್ದು ಬೇರೆಯವರ ಪಾರ್ಟಿಗೆ ಅಂಟಿಕೊಂಡ ಬಾಲ ಮಾತ್ರ. "ದೀಪ ಆರಿಸಬೇಡಿ." "ಬಾವಿಯನ್ನೇ ಕೇಳಿ." "ಅಂದೇ ಹೇಳಿದ್ದೆ." ಹಿಂದೆ ತಲೆಯೂ ಇಲ್ಲ, ಮೈಯೂ ಇಲ್ಲ.

ನಲವತ್ತಮೂರನೆಯದಕ್ಕೆ ಬಾಲವೂ ಇರಲಿಲ್ಲ. ಅದು ನಾಟಕದ ಕಟ್ಟಕಡೆಯ ಮಾತು. ಅದರ ನಂತರ ಯಾರೂ ಮಾತಾಡಬೇಕಿರಲಿಲ್ಲವಾದ್ದರಿಂದ ಯಾರ ಹಾಳೆಯಲ್ಲೂ ಅದು ಇಲ್ಲ. ಆದರೆ ಸುತ್ತಲಿನ ಮೂರು ತಾಲೂಕಿನಲ್ಲಿ ಆ ನಾಟಕ ನೋಡಿದವರು ಹೇಳುತ್ತಿದ್ದುದು ಅದೊಂದರದ್ದೇ. ಆ ಕೊನೆಯ ಮಾತಿಗೆ ಇಡೀ ಪೆಂಡಾಲು ಅಳುತ್ತಿತ್ತಂತೆ. ಏನು ಮಾತು ಎಂದು ಕೇಳಿದರೆ ಒಬ್ಬರು "ಭೂಮಿತಾಯಿ ಬಾಯಿ ತೆರೆ ಅಂತು" ಎಂದರು, ಇನ್ನೊಬ್ಬರು "ಗಂಡಂಗೆ ಶಾಪ ಹಾಕ್ತು" ಎಂದರು, ಸಾಹುಕಾರನ ಪಾರ್ಟಿನವರು "ಮಕ್ಕಳ ಹೆಸರು ಹೇಳಿ ಅತ್ತತ್ತು" ಎಂದರು. ನಾಟಕದಲ್ಲಿ ಆ ದಂಪತಿಗೆ ಮಕ್ಕಳೇ ಇರಲಿಲ್ಲ.

ನಾಯಕನ ಪಾರ್ಟು ಮಾಡುತ್ತಿದ್ದವರಿಗೆ ಆಗ ಅರವತ್ತು ದಾಟಿತ್ತು. ಅವರ ಎದುರು ನಿಂತೇ ಆ ಮಾತು ಹೇಳಿದ್ದಲ್ಲವೇ ಎಂದು ಅವರನ್ನೂ ಕೇಳಿದೆ. "ಎಂತ ಮಾತು ಕೂಸೆ ಅದು! ಆನು ಅಷ್ಟು ಅತ್ತಿದ್ದೆ, ಮೀಸೆ ಬಿಚ್ಚಿ ಬಂದಿತ್ತು," ಎಂದರು. ಶಬ್ದ ಮಾತ್ರ ಹೇಳಲಿಲ್ಲ.

"ಅದೊಂದು ಸಾಲು ಆನೇ ಬರದು ಹಾಕ್ತೆ ಬಿಡು," ಎಂದರು ಕಾರ್ಯದರ್ಶಿ.

"ಉಳಿದ ನಲವತ್ತೆರಡು?"

ಅವರು ಕ್ಯಾಲೆಂಡರ್ ನೋಡಿದರು. ದಸರೆಗೆ ಆರು ವಾರ ಇತ್ತು.

ನಾಯಕಿಯ ಪಾರ್ಟು ಮಾಡುತ್ತಿದ್ದವಳು ಹೊರಗಿನವಳು. ಮೊದಲ ವರ್ಷಗಳಲ್ಲಿ ಊರಿನ ಗಂಡಸೊಬ್ಬರೇ ಸೀರೆ ಉಡುತ್ತಿದ್ದರು. ಶಿರಸಿಯ ಪೇಟೆಗೆ ಬಂದ ಕಂಪನಿ ನಾಟಕಗಳಲ್ಲಿ ಹೆಂಗಸರನ್ನೇ ನೋಡಿದ ಮೇಲೆ ಜನಕ್ಕೆ ಮೀಸೆ ಬೋಳಿಸಿದ ಮುಖ ಸಾಕಾಯಿತು. ಮನೆಯ ಹೆಂಗಸರು ಬಣ್ಣ ಹಚ್ಚುವ ಪ್ರಶ್ನೆಯೇ ಇರಲಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ, ನಾಟಕದ ದಿನಕ್ಕೆ, ಕಲಾವಿದೆಯೊಬ್ಬಳನ್ನು ಕರೆಸುವ ಪದ್ಧತಿ ಬಂತು. ಕರಪತ್ರದಲ್ಲಿ ಗಂಡಸರಿಗೆಲ್ಲ ಹೆಸರು, ಅವಳಿಗೆ "ಹುಬ್ಬಳ್ಳಿಯ ಪ್ರಖ್ಯಾತ ನಟಿ." ನಾಲ್ಕು ಮನೆ ವಿಚಾರಿಸಿದ ಮೇಲೆ ಆಕೆ ಯಲ್ಲಾಪುರದಲ್ಲಿ ಸಂತೆ ಬೀದಿಯ ಹಿಂದೆ ಬಳೆ ಅಂಗಡಿ ಇಟ್ಟುಕೊಂಡಿದ್ದಾಳೆ ಎಂದು ತಿಳಿಯಿತು.

ಸೆಪ್ಟೆಂಬರ್‌ನ ಎರಡನೇ ವಾರ ಹೋದೆ. ದಪ್ಪ ಕನ್ನಡಕ, ಬೆಳ್ಳಗಾದ ತಲೆ, ನೆಟ್ಟಗಿನ ಬೆನ್ನು. ಊರ ಹೆಸರು ಹೇಳಿದೆ.

"ಸಿದ್ದಾಪುರದ ಕಡೆ ನಾ ಆಡದ ಊರು ಯಾವುದೈತಿ? ಕೂಡ್ರಿ. ಬಳಿ ಬೇಕೇನು?"

"ನಿಮ್ಮ ಪಾರ್ಟು ಬೇಕಿತ್ತು."

ಆಕೆ ಜೋರಾಗಿ ನಕ್ಕಳು. "ಪಾರ್ಟು? ನನಗ ಯಾರು ಪಾರ್ಟು ಕೊಟ್ಟಿದ್ರವ್ವಾ! ಮೂರು ಗಂಟೆ ಬಸ್ಸಿಗೆ ಇಳೀತಿದ್ದೆ. ಅವಲಕ್ಕಿ ತಿನ್ನಸ್ತಿದ್ರು, ಕಥಿ ಹೇಳ್ತಿದ್ರು, ಬಣ್ಣ ಹಚ್ಚತಿದ್ರು. ಮುಂದಿಂದೆಲ್ಲಾ ಪ್ರಾಂಪ್ಟರ್ ಕೈಯಾಗ. ಅಂವ ಪಿಸುಗುಟ್ಟಬೇಕು, ನಾ ಎತ್ತಿ ಹೇಳಬೇಕು. ಒಂದು ಕಿವಿ ಅವಗ, ಒಂದು ಕಣ್ಣು ಜನಕ್ಕ."

"ಆ ಪ್ರಾಂಪ್ಟರ್ ನನ್ನ ಅಪ್ಪ."

"ಸೀಟಿ ಮಾಸ್ತರ್ರ ಮಗಳೇನು ನೀನು!" ಬಹುವಚನ ಅಲ್ಲಿಗೆ ಹೋಯಿತು. "ಹೆಂಗದಾರ?"

"ಜನವರಿಯಲ್ಲಿ ತೀರಿಹೋದರು." ಪ್ರೂಫ್ ಓದುವಾಗಿನ ದನಿಯಲ್ಲೇ ಹೇಳಿದೆ.

ಆಕೆ ಕೈಯಲ್ಲಿದ್ದ ಬಳೆಗಳನ್ನು ಒಂದೊಂದಾಗಿ ದಾರಕ್ಕೆ ಪೋಣಿಸಿದಳು. "ಭಾಳ ಸಣ್ಣ ದನಿ. ಆದ್ರ ಒಂದು ಅಕ್ಷರ ನೆಲಕ್ಕ ಬೀಳ್ತಿದ್ದಿಲ್ಲ."

ನಾನು ಬಾಲಗಳನ್ನು ಓದುತ್ತ ಹೋದೆ. ಆಕೆಗೆ ಒಂದೂ ನೆನಪಿಗೆ ಬರಲಿಲ್ಲ. "ದೀಪ ಆರಿಸಬೇಡಿ" ಎಂಬಲ್ಲಿ ತಡೆದು, "ಎಲ್ಲಾ ನಾಟಕದಾಗೂ ಯಾರರೆ ಒಬ್ರು ದೀಪ ಆರಿಸೇ ಆರಸ್ತಾರ. ಯಾವುದಂತ ನೆನಪಿಡ್ಲಿ?" ಎಂದಳು. ತುಂಬಿದ ಜಾಗ ಸೊನ್ನೆ. ಕೊನೆಗೆ ಕಡೆಯ ಮಾತಿನ ಬಗ್ಗೆ ಕೇಳಿದೆ. ಆಗ ಮಾತ್ರ ಆಕೆಯ ಮುಖ ಬೇರೆಯಾಯಿತು.

"ಅದಾ? ಅದನ್ನ ನಿಮ್ಮ ನಾಯಕರ್ನ ಕೇಳು. ಎದುರಿಗೆ ನಿಂತಿದ್ರಲ್ಲ."

"ಕೇಳಿದೆ. ಅವರಿಗೆ ನೆನಪಿಲ್ಲ."

"ನೆನಪಿಲ್ಲಂತ? ಇರ್ಲಿ ಬಿಡು." ಗಿರಾಕಿಗಳು ಬಂದರು. ನಾನು ಎದ್ದೆ. ಒಬ್ಬಳ ಕೈಗೆ ಬಳೆ ಏರಿಸುತ್ತಲೇ ಆಕೆ ಹಿಂದಿನಿಂದ ಕೂಗಿ ಕೇಳಿದಳು: "ಅಲ್ಲವ್ವಾ, ನಾ ಬರೂದು ನಾಟಕದ ದಿನ. ಅದಕ್ಕೂ ಮೊದ್ಲು ಎರಡು ತಿಂಗಳು ನಿಮ್ಮ ಗಂಡಸ್ರು ಯಾರ ಮುಂದ ನಿಂತು ಪ್ರಾಕ್ಟೀಸ್ ಮಾಡತಿದ್ರು? ಕಂಬದ ಮುಂದೇನು?"

ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಕಂಬದ ಮುಂದಲ್ಲ. ಅಪ್ಪನ ಮುಂದೆ. ಪ್ರಾಕ್ಟೀಸಿನಲ್ಲಿ ನಾಯಕಿಯ ಮಾತನ್ನು ಪ್ರಾಂಪ್ಟರೇ ಓದಬೇಕು. ಪ್ರಾಕ್ಟೀಸು ನಡೆಯುತ್ತಿದ್ದದ್ದು ನಮ್ಮ ಜಗಲಿಯಲ್ಲಿ. ಅದು ನಿಂತ ವರ್ಷ ನಾನಿನ್ನೂ ತೊಟ್ಟಿಲಿನಲ್ಲಿದ್ದೆ.

ಮರುದಿನ ಬೆಳಿಗ್ಗೆ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಏನೂ ಹೇಳದೆ ಪಕ್ಕ ಕುಳಿತು ನಾಯಕನ ಮಾತೊಂದನ್ನು ಗಟ್ಟಿಯಾಗಿ ಓದಿದೆ: "ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?"

ಅಮ್ಮ ಮೊರದಿಂದ ತಲೆ ಎತ್ತಲಿಲ್ಲ. "ಹೋಗುವುದಕ್ಕೆ ನನಗೆ ಯಾವ ಊರಿದೆ? ನೀರಿಗೆ ಹೋಗಿದ್ದೆ. ನನ್ನನ್ನು ನಂಬದಿದ್ದರೆ ಬಾವಿಯನ್ನೇ ಕೇಳಿ."

ಬಾವಿಯನ್ನೇ ಕೇಳಿ. ಬಾಲ ಸರಿಯಾಗಿ ಕೂತಿತು.

ಅವಳ ಬಾಯಲ್ಲಿ ಪುಸ್ತಕದ ಭಾಷೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಿಲ್ಲಿಸುವ ಕಡೆ ನಿಲ್ಲಿಸಿ, ಎಳೆಯುವ ಕಡೆ ಎಳೆದು ಹೇಳಿದ್ದಳು. ಆ ನಿಲುಗಡೆಗಳು ಅವಳವಲ್ಲ, ಅಪ್ಪನವು.

"ನಿಂಗೆ ಇದೆಲ್ಲ ಬತ್ತನೇ?"

"ವರ್ಷಾ ಎರಡು ತಿಂಗ್ಳು ಕೇಳಿದ್ದೆ. ಒಳಗಿದ್ದವಕ್ಕೆ ಕಿವಿ ಇಲ್ಯ?"

"ಮತ್ತೆ ಹೇಳಿದ್ದಿಲ್ಲೆ?"

"ನೀನು ಯಲ್ಲಾಪುರದ ತಂಕ ಕೇಳಲೆ ಹೋದೆ. ಎನ್ನ ಕೇಳಿದ್ಯ?"

ಒಂಬತ್ತು ದಿನ ಬೆಳಿಗ್ಗೆ ಕೂತೆವು. ನಾನು ಗಂಡಸರ ಮಾತು ಓದುತ್ತಿದ್ದೆ, ಅವಳು ಕೈಯಲ್ಲಿನ ಕೆಲಸ ಬಿಡದೆ ಉತ್ತರ ಕೊಡುತ್ತಿದ್ದಳು. ಮಧ್ಯದಿಂದ ಕೇಳಿದರೆ ಬರುತ್ತಿರಲಿಲ್ಲ. ಎರಡು ಮಾತು ಹಿಂದಿನಿಂದ ಓದಿಕೊಂಡು ಬರಬೇಕಿತ್ತು. ಡೈರಿಯಲ್ಲಿ ಖಾಲಿ ಜಾಗದ ಲೆಕ್ಕ ದಿನಾ ಇಳಿಯಿತು. ಒಂದು ದಿನ ಕೇಳಿದೆ, ಅಷ್ಟು ವರ್ಷ ನಾಟಕ ನೋಡಿದೆಯಲ್ಲ, ಅಪ್ಪನ ಪಿಸುಮಾತು ಮುಂದೆ ಕೂತವರಿಗೂ ಕೇಳಿಸುತ್ತಿತ್ತೇ ಎಂದು.

"ನಾಟಕ ಎಲ್ಲಿ ನೋಡಿದ್ದೆ? ಆ ದಿನ ಅಷ್ಟೂ ಜನಕ್ಕೆ ಊಟ ಯಾರು ಮಾಡವು?"

ಅವಳು ಆ ನಾಟಕವನ್ನು ಒಮ್ಮೆಯೂ ನೋಡಿರಲಿಲ್ಲ. ಆದರೆ ಕಡೆಯ ಮಾತೂ ಅವಳಿಗೆ ಬರುತ್ತಿತ್ತು. "ತಪ್ಪೆಲ್ಲ ನನ್ನದು. ನಿಮ್ಮ ಪಾದದ ಧೂಳಿಗೂ ನಾನು ಸಮನಲ್ಲ. ಹಿಂದಿನದನ್ನು ಮರೆತು ಈ ದಾಸಿಯನ್ನು ಕ್ಷಮಿಸಿ." ಹೇಳಿ ಮುಗಿಸಿ ಒಲೆಗೆ ಕಟ್ಟಿಗೆ ಒಟ್ಟಿದಳು. ನಾನು ಬರೆದುಕೊಂಡೆ. ಖಾಲಿ ಜಾಗ ಸೊನ್ನೆ ಎಂದು ಕೆಳಗೆ ಗೆರೆ ಎಳೆದೆ. ದಸರೆಗೆ ಇನ್ನೂ ದಿನ ಉಳಿದಿತ್ತು.

ದಸರೆ ಮುಗಿದು ಸಂಘದ ಚಪ್ಪರದಲ್ಲಿ ಭಾನುವಾರ ಬೆಳಗಿನ ಪ್ರಾಕ್ಟೀಸು ಶುರುವಾಯಿತು. ನಾಯಕನ ಪಾರ್ಟನ್ನು ಹಳಬರು ಬಿಟ್ಟುಕೊಡಲಿಲ್ಲ. ನಾಯಕಿಯಾಗಲು ಶಿರಸಿಯ ಶಾಲೆಯಲ್ಲಿದ್ದ ನಮ್ಮೂರ ಟೀಚರೊಬ್ಬರು ಒಪ್ಪಿದ್ದರು. ಹೊರಗಿಂದ ಕರೆಸದೆ, ಇಲ್ಲಿಯವರೇ ಆದ ಹೆಂಗಸೊಬ್ಬರು ನಮ್ಮ ಸಂಘದಲ್ಲಿ ಬಣ್ಣ ಹಚ್ಚುವುದು ಅದೇ ಮೊದಲು. ಪುಸ್ತಕ ಹಿಡಿದವಳು ನಾನಾದ್ದರಿಂದ ಸೀಟಿಯೂ ನನ್ನ ಪಾಲಿಗೆ ಬಂತು. ಎಲ್ಲ ಸರಿಯಾಗಿ ನಡೆದು ಕಡೆಯ ಮಾತು ಬಂತು. ಟೀಚರು ಬಗ್ಗಿ ನಾಯಕರ ಕಾಲು ಹಿಡಿದು ಚೆನ್ನಾಗಿಯೇ ಹೇಳಿದರು.

ನಾಯಕರು ಕಾಲು ಹಿಂದೆ ಎಳೆದುಕೊಂಡರು. "ಇದಲ್ಲ ಕೂಸೆ. ಇದಲ್ಲ."

"ಪುಸ್ತಕದಲ್ಲಿ ಇದೇ ಇತ್ತು. ಅಮ್ಮ ಹೇಳಿದ್ದು."

"ಇದನ್ನ ಕೇಳಿ ಎನ್ನ ಮೀಸೆ ಬಿಚ್ಚಿ ಬಂತ? ಇದರಲ್ಲಿ ಎಂತ ಇದ್ದು ಅಳಲೆ?"

ಬೇರೆಯವರೂ ಅಲ್ಲ ಅಲ್ಲ ಎಂದರು. ಯಾವುದು ಹೌದು ಎಂದು ಒಬ್ಬರೂ ಹೇಳಲಿಲ್ಲ. ಆಗ ನಾನು ಯಲ್ಲಾಪುರದಲ್ಲಿ ಕೇಳಿದ ಮಾತನ್ನು ಹೇಳಿದೆ: ಅದನ್ನು ನಾಯಕರನ್ನೇ ಕೇಳು, ಎದುರಿಗೆ ನಿಂತಿದ್ದರಲ್ಲ. ನಾಯಕರು ಚಪ್ಪರದ ಕಂಬದ ಕಡೆ ತಿರುಗಿದರು.

"ಆ ನಟೀನೇ ಕರಸು," ಎಂದರು. "ಎನ್ನ ಎದುರಿಗೇ ಹೇಳ್ಲಿ."

ಮುಂದಿನ ಭಾನುವಾರ ಬಳೆ ಅಂಗಡಿಗೆ ಬೀಗ ಹಾಕಿ ಆಕೆ ಬಂದಳು. ನಾಯಕರು ಎದ್ದು ನಿಂತು ಎರಡೂ ಕೈ ಚಾಚಿದರು. "ಬನ್ನಿ ಬನ್ನಿ, ಹುಬ್ಬಳ್ಳಿಯ ಪ್ರಖ್ಯಾತ ನಟಿ!"

"ಹುಬ್ಬಳ್ಳಿಯೊಳಗ ನಾ ನೋಡಿದ್ದು ಬಸ್‌ಸ್ಟ್ಯಾಂಡ್ ಅಷ್ಟರೀ. ಮುಂಡಗೋಡದಾಕಿನ್ನ ಹುಬ್ಬಳ್ಳಿಯಾಕಿ ಮಾಡಿದವ್ರು ನೀವು." ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯ, ಇನ್ನೂ ನೀವ ನಾಯಕರೇನು? ಊರಾಗ ಬ್ಯಾರೆ ಗಂಡಸ್ರು ಹುಟ್ಟಲಿಲ್ಲೇನು?"

"ಹುಟ್ಟಿದ್ದ. ಮಾತು ಬಾಯಿಪಾಠ ಮಾಡ್ತ್ವಿಲ್ಲೆ."

"ನಿಮಗರೆ ಬರ್ತಿತ್ತೇನು? ಸೀಟಿ ಮಾಸ್ತರ್ರು ಇಲ್ಲದಿದ್ರ ಎರಡನೇ ಅಂಕದಾಗ ಕಥಿ ಮುಗೀತಿತ್ತು."

ಎಲ್ಲರೂ ನಕ್ಕರು. ಅವಲಕ್ಕಿ ಬಂತು, ಚಹಾ ಬಂತು. ಆಮೇಲೆ ಕಡೆಯ ದೃಶ್ಯ ಹಾಕಿದೆವು. ಆಕೆ ಕನ್ನಡಕ ತೆಗೆದು ನನ್ನ ಕೈಯಲ್ಲಿ ಕೊಟ್ಟು, ಬಲಗಡೆಯಿಂದ ನಡೆದು ಬಂದು ನಾಯಕರ ಎದುರು ನಿಂತಳು. ನೆಲ ನೋಡಿದಳು.

"ಗೆರಿ ಎಲ್ಲೈತಿ?"

"ಯಾವ ಗೆರೆ?" ಎಂದೆ.

ನಾಯಕರು ಚಹಾದ ಲೋಟ ಹುಡುಕುವವರಂತೆ ಸುತ್ತ ನೋಡಿದರು. ಕಾರ್ಯದರ್ಶಿ ಹೊರಗೆ ಹೋದರು. ಪೆಟ್ಟಿಗೆಯಲ್ಲಿದ್ದ ಸೀಮೆಸುಣ್ಣದ ತುಂಡುಗಳು ನನಗೆ ಆಗ ನೆನಪಾದವು.

ಆಕೆ ಸಿಟ್ಟಿಲ್ಲದೆ ಹೇಳಿದಳು. "ಇವರ ಕಾಲಿಂದ ಒಂದು ಮೊಳದ ಮ್ಯಾಲ ಸುಣ್ಣದ ಗೆರಿ ಇರ್ತಿತ್ತವ್ವಾ. ಕಾಲಿಗೆ ಬೀಳೂ ಕಡೆ ನಾ ಆ ಗೆರೀ ಮ್ಯಾಲ ಹಣಿ ಇಡಬೇಕು. ದೂರದಿಂದ ನೋಡಿದವರಿಗೆ ಕಾಲಿಗೆ ಬಿದ್ದಂಗ ಕಾಣಬೇಕು, ಬೆರಳು ತಾಗಬಾರದು. ಮುಟ್ಟಬ್ಯಾಡ ಅಂತ ಯಾರೂ ಬಾಯಿಬಿಟ್ಟು ಅನ್ನಲಿಲ್ಲ ಮತ್ತ. ಭಾಳ ಸೌಜನ್ಯದ ಮಂದಿ. ಗೆರಿ ಇತ್ತಷ್ಟ."

"ಎಳೆಯುತ್ತಿದ್ದದ್ದು ಯಾರು?" ಕೇಳುವ ಮೊದಲೇ ನನಗೆ ಗೊತ್ತಿತ್ತು.

"ನಿಮ್ಮಪ್ಪ."

ಗಂಡಸೇ ಸೀರೆ ಉಟ್ಟು ಬೀಳುತ್ತಿದ್ದ ವರ್ಷಗಳಲ್ಲಿ ಗೆರೆ ಬೇಕಾಗಿರಲಿಲ್ಲ. ಹೆಣ್ಣು ಪಾತ್ರಕ್ಕೆ ಹೆಣ್ಣೇ ಬೇಕೆಂದು ಬೇರೆ ಜಾತಿಯವಳನ್ನು ಕರೆಸಿದ ವರ್ಷ ಗೆರೆಯೂ ಬಂತು. ಸಂಘದ ಇತಿಹಾಸ ಎಂದು ಕರಪತ್ರದ ಹಿಂಬದಿಗೆ ನಾನು ಟೈಪ್ ಮಾಡಿಟ್ಟ ಒಂದು ಪುಟದಲ್ಲಿ ಅದು ಇರಲಿಲ್ಲ. ಏನಾದರೂ ಅನಿಸಬೇಕಿತ್ತು. ಕೈಯಲ್ಲಿದ್ದ ಆಕೆಯ ಕನ್ನಡಕವನ್ನು ಸೆರಗಿನಿಂದ ಒರೆಸಿದೆ. ಅಷ್ಟೇ.

"ಮೊದಲನೇ ವರ್ಷ ಮಾಸ್ತರ್ರು ಪಿಸುಗುಟ್ಟಿದ್ರು: ತಪ್ಪೆಲ್ಲ ನನ್ನದು. ನಾ ಗೆರಿ ನೋಡ್ಕೋತ ನಿಂತೆ. ಮತ್ತ ಪಿಸುಗುಟ್ಟಿದ್ರು. ನನಗ ಕೇಳಸ್ತಿತ್ತು, ಕಿವುಡಿ ಅಲ್ಲ. ಕ್ಷಮಾ ಕೇಳು ಅಂತಾರ, ಕಾಲು ಮುಟ್ಟಬ್ಯಾಡ ಅಂತಾರ. ಹಂಗಾರ ಯಾರನ್ನ ಕೇಳ್ಲಿ? ಸುಣ್ಣಾನ ಕೇಳ್ಲೇನು? ಬೀಳಲಿಲ್ಲ. ಮಾತೂ ಆಡಲಿಲ್ಲ. ಇವರ ಮಾರಿ ನೋಡಿದೆ, ಜನರ ಮಾರಿ ನೋಡಿದೆ. ಪೆಂಡಾಲಿನಾಗ ಒಬ್ಬಾಕಿ ಅಳಾಕ ಹತ್ತಿದ್ಲು. ಆಮ್ಯಾಲ ಎಲ್ಲಾರೂ. ಮೂರನೇ ಸಲ ಮಾಸ್ತರ್ರ ದನಿ ಬರಲಿಲ್ಲ. ಸೀಟಿ ಬಂತು."

"ಮರುವರ್ಷ?"

"ಗೆರಿ ಇತ್ತು. ಪಿಸುಮಾತು ಇರಲಿಲ್ಲ. ಕಡೀತನಕ ಹಂಗ."

ಹಾಗಾದರೆ ನಾನು ಮೂರು ತಾಲೂಕು ಅಲೆದು ಹುಡುಕಿದ ಮಾತು ರಂಗದ ಮೇಲೆ ಇರಲೇ ಇಲ್ಲ. ಇಲ್ಲದ್ದರಿಂದಲೇ ಒಬ್ಬೊಬ್ಬರು ಒಂದೊಂದು ಕೇಳಿಸಿಕೊಂಡಿದ್ದರು. ಟೀಚರು ಮೆಲ್ಲಗೆ ಕೇಳಿದರು, "ಆದ್ರೆ ಈಗ ನಾನು ಮುಟ್ಟಬಹುದಲ್ಲ. ಗೆರೆ ಇಲ್ಲ. ಮತ್ಯಾಕೆ ಬೀಳಬಾರದು?"

"ಮುಟ್ಟಬಹುದು ಅಂದಕೂಡ್ಲೆ ಬೀಳಬೇಕೇನು ಟೀಚರ? ತಪ್ಪು ಮಾಡಿದವರು ಯಾರು ಈ ನಾಟಕದಾಗ?"

ಆ ವಾರ ಕೊನೆಯ ಪುಟ ಟೈಪ್ ಮಾಡುವಾಗ ನಿರ್ಧಾರ ನನ್ನ ಮೇಲೆ ಬಿತ್ತು. ಬರೆದವರ ಮಾತು ಒಂದು, ಆಡಿದ್ದು ಇನ್ನೊಂದು. ಬರೆದದ್ದನ್ನು ಅಳಿಸಲು ನನಗೆ ಹಕ್ಕಿರಲಿಲ್ಲ. ಅಮ್ಮ ಅದನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದಳು. ಅದನ್ನು ಇದ್ದಹಾಗೇ ಟೈಪ್ ಮಾಡಿ, ಕೆಳಗೆ ಕಂಸದಲ್ಲಿ ಹಾಕಿದೆ: ಆಡುವಾಗ ಈ ಮಾತು ಇಲ್ಲ. ಆಕೆ ನಿಲ್ಲುವಳು. ಸೀಟಿ.

ಕಾರ್ಯದರ್ಶಿಗೆ ಅದು ಹಿಡಿಸಲಿಲ್ಲ. "ಬರದವ್ವು ದೊಡ್ಡವರು. ಕಾಲಿಗೆ ಬೀಳದ್ದೆ, ಮಾತೂ ಇಲ್ಲದ್ದೆ ನಾಟಕ ಮುಗುದ್ರೆ ಜನ ಎಂತ ಹೇಳ್ತ? ನಟಿ ಮಾತು ಮರತತ್ತು ಹೇಳ್ತ."

ನಾನು ವಾದಿಸಲಿಲ್ಲ. ಬೀಳಬೇಕೆಂದರೆ ಬೇರೆ ಪ್ರಾಂಪ್ಟರನ್ನು ನೋಡಿಕೊಳ್ಳಿ, ಆ ಸಾಲನ್ನು ನಾನು ಪಿಸುಗುಟ್ಟುವುದಿಲ್ಲ ಎಂದಷ್ಟೇ ಹೇಳಿದೆ. ಅವರು ನಾಯಕರ ಮುಖ ನೋಡಿದರು. ನಾಯಕರು ಬಹಳ ಹೊತ್ತು ತಮ್ಮ ಹಾಳೆಗಳನ್ನೇ ತಿರುವುತ್ತಿದ್ದರು.

"ಮಾತು ಇತ್ತಿಲ್ಲೆ," ಎಂದರು ಕೊನೆಗೆ. "ಆನು ಎದುರಿಗೆ ನಿಂತಿದ್ದೆ. ಎಂಗೆ ಗೊತ್ತಿತ್ತು. ಕೂಸು ಬರದ ಹಾಂಗೇ ಇರ್ಲಿ."

ಕರಪತ್ರವನ್ನೂ ನಾನೇ ಟೈಪ್ ಮಾಡಿದೆ. ಹಿಂಬದಿಯ ಸಂಘದ ಇತಿಹಾಸದಲ್ಲಿ ಆಕೆಯ ಹೆಸರನ್ನು ಪೂರ್ತಿಯಾಗಿ, ಊರು ಮುಂಡಗೋಡ ಎಂದು ಹಾಕಿದೆ. ಗೆರೆಯ ವಿಷಯಕ್ಕೆ ಒಂದು ವಾಕ್ಯ ಬರೆದೆ. ಪ್ರೂಫ್ ನೋಡಿದ ಕಾರ್ಯದರ್ಶಿ ಆ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೀಟು ಹಾಕಿದರು, ಆಮೇಲೆ ರಬ್ಬರಿನಿಂದ ತಾವೇ ಅಳಿಸಿದರು. ವಾಕ್ಯ ಉಳಿಯಿತು.

ನಾಟಕ ಡಿಸೆಂಬರ್‌ನಲ್ಲಿ ಆಯಿತು. ಶಾಲೆಯ ಮೈದಾನ, ಬಾಡಿಗೆಯ ಪರದೆ, ಸಂಜೆ ಆರಕ್ಕೇ ಶುರು. ಆ ಸಲ ಊಟವನ್ನು ಹೊರಗಿನವರಿಗೆ ವಹಿಸಿದ್ದರು. ಅಮ್ಮ ಮೊದಲ ಬಾರಿಗೆ ನಾಟಕ ನೋಡಲು ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ಪಕ್ಕದಲ್ಲಿ ಯಲ್ಲಾಪುರದಿಂದ ಬಂದ ಆಕೆ. ಇಬ್ಬರೂ ಏನೋ ಮಾತಾಡಿಕೊಂಡರು. ಅಮ್ಮನ ಕೈಯಲ್ಲಿ ಹೊಸ ಹಸಿರು ಬಳೆಗಳಿದ್ದವು. ಅಪ್ಪ ಹೋದ ಮೇಲೆ ಅವಳ ಕೈ ಬರಿದಾಗಿತ್ತು. ಯಾರು ಕೊಟ್ಟರು, ಯಾರಾದರೂ ಏನಾದರೂ ಅಂದರೇ ಎಂದು ನಾನು ಕೇಳಲಿಲ್ಲ.

ನಾನು ಪಕ್ಕದ ಪರದೆಯ ಮರೆಯಲ್ಲಿ, ಅಪ್ಪ ಕೂರುತ್ತಿದ್ದ ಕಡೆ, ಪುಸ್ತಕ ಮತ್ತು ಟಾರ್ಚು ಹಿಡಿದು ಕೂತಿದ್ದೆ. ಸೀಮೆಸುಣ್ಣ ಪೆಟ್ಟಿಗೆಯಲ್ಲೇ ಇತ್ತು. ನಾಯಕರು ಎರಡನೇ ಅಂಕದಲ್ಲಿ ಎರಡು ಕಡೆ ತಪ್ಪಿದರು, ಎತ್ತಿಕೊಟ್ಟೆ. ಹಾಸ್ಯದವರು ಜನ ನಕ್ಕ ಮೇಲೂ ಮಾತಾಡಿದರು. ಕಡೆಯ ದೃಶ್ಯ ಬಂತು. ಟೀಚರು ನಡೆದು ಬಂದು ನಾಯಕರ ಎದುರು ಒಂದು ಮೊಳ ದೂರದಲ್ಲಿ ನಿಂತರು. ನಾನು ಪುಸ್ತಕ ಮುಚ್ಚಿ ಸೀಟಿಯನ್ನು ತುಟಿಗಿಟ್ಟುಕೊಂಡೆ.

ಮೈದಾನ ನಿಶ್ಶಬ್ದವಾಯಿತು. ಎಷ್ಟು ಹೊತ್ತಿಗೆ ಊದಬೇಕು ಎಂದು ಪುಸ್ತಕದಲ್ಲಿ ಇಲ್ಲ, ಬರೆಯದೆ ಬಿಟ್ಟವಳು ನಾನೇ. ಪರದೆಯ ಸಂದಿಯಿಂದ ಮುಂದಿನ ಸಾಲು ಕಾಣುತ್ತಿತ್ತು. ಯಲ್ಲಾಪುರದಾಕೆ ಅಲುಗಾಡದೆ ಕುಳಿತಿದ್ದಳು. ಪಕ್ಕದಲ್ಲಿ ಅಮ್ಮನ ತುಟಿ ಅಲುಗುತ್ತಿತ್ತು. ದನಿಯಿಲ್ಲದೆ ಅವಳು ಆ ಸಾಲು ಹೇಳುತ್ತಿದ್ದಳು. ತಪ್ಪೆಲ್ಲ ನನ್ನದು. ಅಪ್ಪ ನಿಲ್ಲಿಸುತ್ತಿದ್ದ ಕಡೆ ನಿಲ್ಲಿಸಿದಳು. ನಿಮ್ಮ ಪಾದದ ಧೂಳಿಗೂ.

ಅಲ್ಲಿಗೆ ಅವಳು ರಂಗದ ಮೇಲೆ ನೆಟ್ಟಗೆ ನಿಂತಿದ್ದ ಹೆಂಗಸನ್ನು ನೋಡಿದಳು. ತುಟಿ ನಿಂತಿತು. ನಾನು ಕಾದೆ. ಮತ್ತೆ ಅಲುಗಲಿಲ್ಲ.

ಊದಿದೆ. ಮೊದಲ ಸಲ ಬರೀ ಗಾಳಿ ಬಂತು. ಎರಡನೇ ಸಲ ಸೀಟಿ ಕೂಗಿತು, ಪರದೆ ಬಿತ್ತು.

ಡೈರಿಯಲ್ಲಿ ಆ ದಿನದ್ದು ಒಂದೇ ಸಾಲಿದೆ: ಖಾಲಿ ಜಾಗ ಒಂದು, ಹಾಗೇ ಬಿಟ್ಟಿದೆ.